ರುಚಿ ನೋಡದ ಗೋದಮ್ಮ

ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ ನನ್ನದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಕೋಡುಬಳೆ, ನಿಪ್ಪಟ್ಟು, ಸಾರಿನ ಪುಡಿ ಎಲ್ಲ ಮಾರುತ್ತೇವೆ, ಆದರೆ ಅಂಗಡಿ ನಿಂತಿರುವುದು ಪುಳಿಯೋಗರೆ ಗೊಜ್ಜಿನ ಮೇಲೆ. ಸುತ್ತಮುತ್ತ ಕಾಲೇಜುಗಳು, ಪಿಜಿಗಳು. ಊರು ಬಿಟ್ಟು ಓದಲು ಬಂದ ಮಕ್ಕಳು ಪಿಜಿಯ ಸಪ್ಪೆ ಅನ್ನಕ್ಕೆ ನಮ್ಮ ಗೊಜ್ಜು ಕಲಸಿಕೊಂಡೇ ಡಿಗ್ರಿ ಮುಗಿಸುತ್ತವೆ.

ಅಂಗಡಿ ಶುರು ಮಾಡಿದವರು ನಮ್ಮ ತಂದೆ ವೀರಭದ್ರಯ್ಯನವರು, ಮಾಮೂಲ್‌ಪೇಟೆಯ ಒಂದು ಸಣ್ಣ ಮಳಿಗೆಯಲ್ಲಿ. ಆಮೇಲೆ ಇಲ್ಲಿಗೆ ಬಂದೆವು. ಕಣ್ಣು ಮುಚ್ಚುವ ಮೊದಲು ಅವರು ನನಗೆ ಒಂದೇ ಒಂದು ಕಟ್ಟಳೆ ಹೇಳಿ ಹೋದರು: ಯಜಮಾನ ರುಚಿ ನೋಡದ ಸರಕು ಗಿರಾಕಿಯ ಕೈಗೆ ಹೋಗಕೂಡದು. ಅದರಂತೆ ದಿನಾ ಬೆಳಿಗ್ಗೆ ಹತ್ತಕ್ಕೆ, ಪೂಜೆ ಮುಗಿಸಿ, ಹಣೆಯ ವಿಭೂತಿ ಹಸಿಯಾಗಿರುವಾಗಲೇ ಅಂಗಡಿಗೆ ಬಂದು ಅಂಗೈಗೆ ಒಂದು ಚೂರು ಗೊಜ್ಜು ಹಾಕಿಸಿಕೊಳ್ಳುತ್ತೇನೆ. ನನ್ನ ನಾಲಿಗೆಯೇ ಅಂಗಡಿಯ ತಕ್ಕಡಿ ಎಂದು ನಾನು ಜಂಬ ಕೊಚ್ಚುತ್ತಿದ್ದ ಕಾಲವೊಂದಿತ್ತು. ಆ ಜಂಬ ಇಳಿಸಿದ ಗೋದಮ್ಮನ ಕಥೆ ಇದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಗೂ ಮುಂದೆ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಹಳೆಯ ಅಡುಗೆಯವರು ಶಿವರುದ್ರಪ್ಪ ಮಗನ ಮನೆಗೆ ಹೊರಟುಹೋದರು. ನಾನು ಏನು ಹೇಳಿದರೂ ‘ಆಯ್ತು ಸ್ವಾಮಿ’ ಅನ್ನುತ್ತಿದ್ದ ಮನುಷ್ಯ. ಅವರ ಕೊನೆಯ ಕೆಲವು ತಿಂಗಳಲ್ಲಿ ವ್ಯಾಪಾರವೂ ಯಾಕೋ ಇಳಿದಿತ್ತು. ಈಗಿನ ಮಕ್ಕಳಿಗೆ ರುಚಿ ತಿಳಿಯುವುದಿಲ್ಲ ಎಂದು ನಾನು ಬೈದುಕೊಂಡು ಕೂತಿದ್ದೆ. ಆಗ ನಮ್ಮ ಬೀದಿಯ ರಿಟೈರ್ಡ್ ಲೆಕ್ಕದ ಮೇಷ್ಟ್ರು, ಮಧುಸೂದನ್, ಅಂಗಡಿಗೆ ಬಂದು ಹೇಳಿದರು: “ತೊಣ್ಣೂರಲ್ಲಿ ನಮ್ಮ ದೂರದ ಸಂಬಂಧಿ ಒಬ್ಬಳಿದಾಳೆ, ಗೋದಾ ಅಂತ. ಅವಳ ತಂದೆ ದೇವಸ್ಥಾನದ ಮಡಪಳ್ಳೀಲಿ ಅಡುಗೆ ಮಾಡ್ತಿದ್ರು. ಅವಳ ಕೈ ಗೊಜ್ಜು ತಿಂದ್ರೆ ನಿಮ್ಮದನ್ನ ನೀವೇ ಕೊಳ್ಳಲ್ಲ.”

ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಆದರೂ ಕರೆಸಿದೆ.

ಗೋದಾ ಬಂದದ್ದು ಕಾರ್ತಿಕದ ಕೊನೆಯಲ್ಲಿ. ವಯಸ್ಸು ಐವತ್ತೊಂದು. ಮದುವೆಯಾಗಿರಲಿಲ್ಲ. ಒಂದು ಟ್ರಂಕು, ಒಂದು ಸ್ಟೀಲ್ ಡಬ್ಬಿ, ಬಟ್ಟೆಯಲ್ಲಿ ಸುತ್ತಿದ ಒಂದು ಪೆರುಮಾಳ್ ದೇವರ ಪಟ. ಮೆಜೆಸ್ಟಿಕ್ಕಿನಿಂದ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು, ಟ್ರಂಕನ್ನು ತಾನೇ ಹೊತ್ತು ಬಂದಿದ್ದಳು. ಮೂವತ್ತು ವರ್ಷ ಅಣ್ಣ ಶೀನಣ್ಣನ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಅಣ್ಣನ ಮಗನಿಗೆ ಮದುವೆಯಾಗಿ ಸೊಸೆ ಬಂದಳು, ಒಳ್ಳೆಯ ಹುಡುಗಿ, ಅಡುಗೆಯೂ ಚೆನ್ನಾಗಿಯೇ ಮಾಡುತ್ತಾಳೆ. “ಒಂದು ಒಲೆ ಮುಂದೆ ಇಬ್ರು ನಿಂತ್ರೆ ಒಬ್ರು ಸುಮ್ನೆ ನಿಂತಿರಬೇಕಾಗತ್ತೆ,” ಎಂದಳು ಗೋದಾ, ನನ್ನ ಹೆಂಡತಿ ಶೈಲಜಾಳ ಹತ್ತಿರ. “ಆ ಒಬ್ರು ನಾನಾದೆ.”

ಕರಾರು ಸರಳವಾಗಿತ್ತು. ಒಂದು ತಿಂಗಳು ನೋಡುವುದು. ನಮ್ಮ ಮನೆಯ ಹಿತ್ತಲಲ್ಲಿ ಒಂದು ಕೋಣೆ ಇದೆ, ಕೆಲಸ ಇರುವವರೆಗೆ ಅದು ಅವಳದು. ಕೆಲಸ ಹೋದರೆ ಕೋಣೆಯೂ ಹೋಯಿತು.

ಶೈಲಜಾ ಬೀಗದ ಕೈ ಕೊಟ್ಟಾಗ ಗೋದಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. “ಇನ್ನೊಂದು ಕೀ ಯಾರ ಹತ್ರ ಇರತ್ತೆ?” ಎಂದು ಕೇಳಿದಳು. ಇನ್ನೊಂದು ಇಲ್ಲ, ಎಂದೋ ಕಳೆದುಹೋಗಿದೆ ಎಂದಳು ಶೈಲಜಾ. ಗೋದಾ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಕೋಣೆಗೆ ಹೋಗಿ ಒಳಗಿಂದ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಮೂರು ಸಲ ಆ ಸದ್ದು ನಮಗೆ ಕೇಳಿಸಿತು. ಐವತ್ತೊಂದು ವರ್ಷದಲ್ಲಿ ತನ್ನದೇ ಬಾಗಿಲು ಅಂತ ಅವಳಿಗೆ ಸಿಕ್ಕಿದ್ದು ಅದೇ ಮೊದಲು ಎಂದು ಶೈಲಜಾ ಹೇಳಿದಾಗ ನನಗೂ ಏನೋ ಅನ್ನಿಸಿತು. ಆದರೆ ವ್ಯಾಪಾರ ಬೇರೆ, ಕನಿಕರ ಬೇರೆ ಎಂದುಕೊಂಡೆ.

ಮೊದಲ ದಿನವೇ ಜಗಳ. ಹುಣಸೆ ರಸ ಕುದ್ದು, ಬೆಲ್ಲ ಕರಗಿ, ಒಗ್ಗರಣೆ ಬಿದ್ದು, ಗೊಜ್ಜು ಬಾಣಲೆಯ ಅಂಚಿಗೆ ಎಣ್ಣೆ ಬಿಡುತ್ತಿತ್ತು. ಅವಳು ಬಾಗಿ ಮೂಸಿದಳು. ಕುದಿಯುವ ಸದ್ದಿಗೆ ಕಿವಿ ಕೊಟ್ಟಳು. ಒಲೆ ಆರಿಸಿದಳು. ಅಷ್ಟೇ.

“ರುಚಿ ನೋಡಿ,” ಎಂದೆ.

“ನೋಡಲ್ಲ, ಯಜಮಾನ್ರೇ.”

“ನೋಡಲ್ಲ ಅಂದ್ರೆ?”

“ಅಡುಗೆ ಮಾಡೋವಾಗ ಬಾಯಿಗೆ ಹಾಕೋ ಪದ್ಧತಿ ನಮ್ಮಲ್ಲಿಲ್ಲ. ಮೊದಲು ಪೆರುಮಾಳಿಗೆ, ಆಮೇಲೆ ನಮಗೆ.”

“ಇದು ಅಂಗಡಿ ಕಣ್ರೀ, ದೇವಸ್ಥಾನ ಅಲ್ಲ.”

“ಈ ಗೊಜ್ಜು ಯಾರ ಮನೆಗೆ ಹೋಗತ್ತೋ, ಯಾರು ಅನ್ನಕ್ಕೆ ಕಲಸಿ ನೈವೇದ್ಯಕ್ಕಿಡ್ತಾರೋ ನಮಗೇನು ಗೊತ್ತು? ಎಂಜಲು ಮಾಡಿ ಕಳಿಸ್ಲಾ?”

ಉತ್ತರ ಇಲ್ಲದಾಗ ನನಗೆ ಕೋಪ ಬರುತ್ತದೆ. ಶೈಲಜಾ ಒಂದು ಉಪಾಯ ಹೇಳಿದಳು: ಅಂಗಡಿಯ ಅಡುಗೆಮನೆಯಲ್ಲೇ ಪಟ ಇಟ್ಟು, ಅಲ್ಲೇ ಮೊದಲು ನೈವೇದ್ಯ ಮಾಡಿ, ಆಮೇಲೆ ರುಚಿ ನೋಡಲಿ. ಗೋದಾ ಕೆನ್ನೆ ಬಡಿದುಕೊಂಡಳು. “ಉಪ್ಪು ಕಮ್ಮಿಯಾಗಿದ್ರೆ ಆಮೇಲೆ ಸೇರಿಸೋದಾ? ದೇವರಿಗೆ ತಪ್ಪಾಗಿರೋದನ್ನ ತೋರಿಸಿ ನಮಗೆ ಸರಿ ಮಾಡ್ಕೊಳ್ಳೋದಾ?” ಎಂದಳು. ಶೈಲಜಾ ಬಾಯಿ ಮುಚ್ಚಿಕೊಂಡು ನಕ್ಕಳು. ಕೊನೆಗೆ, ನಮ್ಮ ತಂದೆಯ ಕಟ್ಟಳೆಯಂತೆ ನಾನು ರುಚಿ ನೋಡುವುದು, ಆದರೆ ಬೇರೆ ಚಮಚದಲ್ಲಿ, ಅಡುಗೆಮನೆಯ ಹೊಸ್ತಿಲ ಆಚೆ ನಿಂತು ಎಂದಾಯಿತು.

ನಾನು ನೋಡಿದೆ. “ಉಪ್ಪು ಜಾಸ್ತಿ,” ಎಂದೆ.

“ಇಲ್ಲ, ಸರಿಯಾಗಿದೆ. ಉಪ್ಪು ಕಮ್ಮಿಯಾದ್ರೆ ಕುದಿಯೋವಾಗ ವಾಸನೆ ಹಸಿಹಸಿಯಾಗಿರತ್ತೆ.”

ಎರಡನೇ ದಿನವೂ ಉಪ್ಪು ಜಾಸ್ತಿ. ಮೂರನೇ ದಿನವೂ. ನಾಲಿಗೆಗೆ ಹಾಕಿಕೊಂಡವನು ನಾನು, ಇದು ಮೂಸಿ ತೀರ್ಪು ಕೊಡುವ ಹೆಂಗಸು. ವಿಚಿತ್ರವೆಂದರೆ ಗೊಜ್ಜು ಮಾತ್ರ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಪಿಜಿಯ ಹುಡುಗಿಯರು ಬಂದು, “ಅಂಕಲ್, ಹಳೇ ಟೇಸ್ಟ್ ವಾಪಸ್ ಬಂದಿದೆ,” ಅನ್ನುತ್ತಿದ್ದರು. ಹಳೇ ಟೇಸ್ಟ್ ಎಲ್ಲಿಗೆ ಹೋಗಿತ್ತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅವಳು ಮಾತ್ರ ಊರಿಗೆ ಒಗ್ಗಿಕೊಳ್ಳುತ್ತಿದ್ದ ಪರಿ ನೋಡಿದರೆ ಸಂತೋಷವಾಗುತ್ತಿತ್ತು. ಭಾನುವಾರ ಮೆಟ್ರೋ ಹತ್ತಿ ಹಳಿ ಮುಗಿಯುವವರೆಗೆ ಹೋಗಿ, ಎಲ್ಲೂ ಹೊರಗೆ ಹೋಗದೆ, ಎದುರಿನ ಗಾಡಿ ಹತ್ತಿ ವಾಪಸಾಗುತ್ತಿದ್ದಳು. “ಏನು ನೋಡಿದ್ರಿ?” ಎಂದರೆ, “ಎಲ್ಲಾರ ಮನೆ ತಾರಸಿ,” ಎನ್ನುತ್ತಿದ್ದಳು. ಎಂಟನೇ ಕ್ರಾಸಿನಲ್ಲಿ ಬಟ್ಟೆಯ ಅಂಗಡಿ ಸಾಲಿನಲ್ಲಿ ಚೌಕಾಸಿ ಮಾಡಲು ಕಲಿತಳು. ಶೀನಣ್ಣ ವಾರಕ್ಕೊಮ್ಮೆ ಫೋನ್ ಮಾಡಿ, “ಸಾಕು, ಬಂದ್ಬಿಡು,” ಎಂದರೆ, “ನೀವೇ ಬನ್ನಿ ಅಣ್ಣ, ನಮ್ಮನೇಲಿ ಉಳ್ಕೊಳ್ಳೋರಂತೆ,” ಎನ್ನುತ್ತಿದ್ದಳು. ನಮ್ಮನೆ ಅಂದರೆ ಆ ಹತ್ತಡಿಯ ಕೋಣೆ. ಆ ಮಾತನ್ನು ಅವಳು ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದಳು.

ನಾಲ್ಕನೇ ವಾರ ಧನುರ್ಮಾಸದ ಚಳಿ ಬಿತ್ತು. ಗೋದಮ್ಮನಿಗೆ ನೆಗಡಿ. ನನಗೆ ಅದು ಗೊತ್ತೇ ಇರಲಿಲ್ಲ, ಅವಳು ಹೇಳಲೂ ಇಲ್ಲ. ಗೊಜ್ಜು ಕುದಿಯುವ ಹೊತ್ತಿಗೆ ನಾನು ಹೊಸ್ತಿಲಲ್ಲಿ ನಿಂತು, ಎಂದಿನಂತೆ, “ಇವತ್ತಾದ್ರೂ ಉಪ್ಪು ಅರ್ಧಕ್ಕಿಳಿಸಿ,” ಎಂದೆ. ಎಂದಿನಂತೆ ಎದುರು ಮಾತು ಬರಲಿಲ್ಲ. ಅವಳು ಬಾಗಿ ಮೂಸಿದಳು, ಮತ್ತೆ ಮೂಸಿದಳು, ಉಪ್ಪಿನ ಬಟ್ಟಲಿನಿಂದ ಅರ್ಧ ವಾಪಸ್ ಸುರಿದಳು.

ಅಂಗೈಗೆ ಹಾಕಿಸಿಕೊಂಡು ನೋಡಿದೆ. ಅಮೃತ! “ಇವತ್ತು ಕೈ ಕುದುರಿದೆ ನೋಡಿ, ಗೋದಮ್ಮ,” ಎಂದೆ. ಬಂದಾಗಿನಿಂದ ನಾನು ಆಡಿದ ಮೊದಲ ಹೊಗಳಿಕೆ ಅದು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. ಇದಕ್ಕೆ ಹೊಗಳಿಕೆಯೂ ಹಿಡಿಸುವುದಿಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮೊದಲು ಬಂದವರು ಮಧುಸೂದನ್ ಮೇಷ್ಟ್ರು. ಡಬ್ಬಿಯನ್ನು ಕೌಂಟರ್ ಮೇಲಿಟ್ಟು, “ನಾಗಭೂಷಣ, ಇದು ಗೊಜ್ಜಲ್ಲ, ಪಥ್ಯ,” ಎಂದರು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಡಬ್ಬಿಗಳು ವಾಪಸ್ ಬಂದವು. ಮಲ್ಲೇಶ್ವರದವರು ಕೂಗಾಡುವುದಿಲ್ಲ. ಮೆತ್ತಗೆ, “ಯಾಕೋ ಈ ಸಲ...” ಎಂದು ನಿಲ್ಲಿಸುತ್ತಾರೆ. ಅದಕ್ಕಿಂತ ಬೈದರೆ ವಾಸಿ.

ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ರುಚಿ ನೋಡದೆ ಮಾಡುವುದೂ ಒಂದು ಅಡುಗೆಯೇ ಎಂದೆ. ನಮ್ಮ ತಂದೆ ಐವತ್ತು ವರ್ಷ ಕಟ್ಟಿದ ಹೆಸರು ಎಂದೆ. ಕೊನೆಗೆ, “ತಿಂಗಳು ಮುಗೀತಾ ಬಂತು, ಇಲ್ಲಿಗೆ ಸಾಕು, ನಾಳೆ ಊರಿಗೆ ಹೊರಡಿ,” ಎಂದೆ. ಅವಳು ಸೆರಗಿನ ಗಂಟು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟು, ಮೂಗು ಒರೆಸಿಕೊಂಡು ಹೋದಳು. ಅಳುತ್ತಿದ್ದಾಳೆ ಎಂದುಕೊಂಡೆ.

ಸಂಜೆ ಮೇಷ್ಟ್ರು ಅವಳ ಪರವಾಗಿ ಮಾತಾಡಲು ನಮ್ಮ ಮನೆಗೆ ಬಂದರು. ಶೈಲಜಾ ಇಬ್ಬರಿಗೂ ಅವಲಕ್ಕಿ ಒಗ್ಗರಣೆ ಮಾಡಿ ಕೊಟ್ಟಳು. ಮೇಷ್ಟ್ರು ಒಂದು ಚಮಚ ಬಾಯಿಗಿಟ್ಟು ನಿಲ್ಲಿಸಿದರು.

“ಶೈಲಜಮ್ಮ, ಉಪ್ಪು ಹಾಕೋದು ಮರೆತ್ರಾ?”

“ಸರಿಯಾಗೇ ಇದೆಯಲ್ಲ ಮೇಷ್ಟ್ರೇ,” ಎಂದೆ ನಾನು. ಅರ್ಧ ತಟ್ಟೆ ಮುಗಿಸಿದ್ದೆ.

ಮೇಷ್ಟ್ರು ನನ್ನನ್ನು ನೋಡಿದರು. ನಾನು ಶೈಲಜಾಳನ್ನು ನೋಡಿದೆ. ಅವಳು ನೆಲ ನೋಡಿದಳು.

“ರೀ, ಬೈಬೇಡಿ,” ಎಂದಳು. “ಬಿ.ಪಿ.ಗೆ ಉಪ್ಪು ಬಿಡಿ ಅಂತ ಡಾಕ್ಟರು ಹೇಳಿದ್ರಲ್ಲ, ನೀವು ಕೇಳ್ಲಿಲ್ಲ. ನಾನೇ ದಿನಾ ಚಿಟಿಕೆ ಚಿಟಿಕೆ ಕಮ್ಮಿ ಮಾಡ್ತಾ ಬಂದೆ. ಹತ್ತು ತಿಂಗಳಾಯ್ತು. ಈಗ ಹೆಚ್ಚು ಕಮ್ಮಿ ಹಾಕೋದೇ ಇಲ್ಲ.”

“ಹತ್ತು ತಿಂಗಳು ನಾನು ಸಪ್ಪೆ ತಿಂದೆನಾ?”

“ಚೆನ್ನಾಗಿದೆ, ಇನ್ನೊಂದು ಸೌಟು ಹಾಕು ಅಂತಿದ್ರಿ.” ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. “ಆ ಗೋದಮ್ಮ ದಿನಾ ಸರಿಯಾಗಿ ಮಾಡಿದ್ದನ್ನ ಜಾಸ್ತಿ ಜಾಸ್ತಿ ಅಂದ್ರಿ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ.”

ಉಪ್ಪು ಇಳಿಸಿ ಅಂದಾಗಲೆಲ್ಲ ಶಿವರುದ್ರಪ್ಪ ಅನ್ನುತ್ತಿದ್ದ ‘ಆಯ್ತು ಸ್ವಾಮಿ’ ಆಗ ನೆನಪಾಯಿತು. ಇಳಿದ ವ್ಯಾಪಾರ ನೆನಪಾಯಿತು. ಹತ್ತು ತಿಂಗಳಿಂದ ಅಂಗಡಿಯ ತಕ್ಕಡಿ ಕೆಟ್ಟು ಕೂತಿತ್ತು, ನಾನು ತೂಗುತ್ತಲೇ ಇದ್ದೆ. ನಾಚಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ನಾಚಿಕೆಯಾಯಿತು.

ಬೀಗದ ಕೈ ಹಿಡಿದು ಹಿತ್ತಲಿಗೆ ಹೋದೆ. ಸಾಮಾನು ಕಟ್ಟಲೆಂದು ಶೈಲಜಾ ಮಧ್ಯಾಹ್ನವೇ ಬೀಗ ತೆಗೆದುಕೊಟ್ಟಿದ್ದಳು, ಬಾಗಿಲು ತೆರೆದೇ ಇತ್ತು. ಗೋದಮ್ಮ ಪಟವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಟ್ರಂಕು ಆಗಲೇ ತುಂಬಿತ್ತು.

“ನೀವೇ ರುಚಿ ನೋಡಿ ಕೈ ಕುದುರಿದೆ ಅಂದ್ರಲ್ಲ ಅಂತ ಆಗಲೇ ನನ್ನ ಮುಖಕ್ಕೆ ಯಾಕೆ ಹೇಳ್ಲಿಲ್ಲ?” ಎಂದೆ. ಕ್ಷಮೆ ಕೇಳಲು ಹೋದವನು ಹಾಗೆ ಗದರಿದೆ. ನನಗೆ ಬರುವುದು ಅಷ್ಟೇ.

“ಉಪ್ಪು ಹಾಕೋ ಕೈ ನಂದು, ಯಜಮಾನ್ರೇ,” ಎಂದಳು, ಕಟ್ಟಿದ ಮೂಗಿನ ದನಿಯಲ್ಲಿ. “ನೆಗಡಿಯಾಗಿ ವಾಸನೆ ಹೋಗಿದೆ ಅಂತ ನಾನು ಹೇಳ್ಬೇಕಿತ್ತು. ಹೇಳಿದ್ರೆ, ಮೂಗಿಲ್ದೋಳು ಯಾಕೆ ಅಂತ ಕಳಿಸ್ಬಿಡ್ತೀರಿ ಅಂತ ಹೆದರಿಕೆಯಾಯ್ತು. ಈ ರೂಮು ಹೋಗತ್ತಲ್ಲ ಅಂತ. ಅದಕ್ಕೇ ನಿನ್ನೆ ನಿಮ್ಮ ನಾಲಿಗೆ ನಂಬಿದೆ.”

ನನ್ನ ನಾಲಿಗೆಯ ಕಥೆಯನ್ನು ಹೇಳಿದೆ. ಶೈಲಜಾಳ ಚಿಟಿಕೆಗಳ ಕಥೆಯನ್ನೂ ಹೇಳಿದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಶುರುವಾಯಿತು. ನಕ್ಕು ನಕ್ಕು ಕೆಮ್ಮು ಬಂದು, ಟ್ರಂಕಿನ ಮೇಲೆ ಕೂತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

“ಹಾಗಾದ್ರೆ ನನ್ನ ಕೀ ಕೊಡಿ,” ಎಂದು ಕೈ ನೀಡಿದಳು.

ಅದಾಗಿ ಎರಡು ವರ್ಷ. ಆಧಾರ್ ಕಾರ್ಡಿನಲ್ಲಿ ಅವಳ ವಿಳಾಸ ಈಗ ಮಲ್ಲೇಶ್ವರ. ಹೋದ ಶ್ರಾವಣದಲ್ಲಿ ಶೀನಣ್ಣ ಬಂದು ಆ ಕೋಣೆಯಲ್ಲೇ ನಾಲ್ಕು ದಿನ ಇದ್ದರು. ನೆಗಡಿಯಾದ ದಿನ ಗೋದಮ್ಮ ಹೊಸ್ತಿಲಲ್ಲೇ ಕೂಗಿ ಹೇಳುತ್ತಾಳೆ: “ಇವತ್ತು ಮೂಗಿಲ್ಲ, ಗೊಜ್ಜಿಲ್ಲ.” ಅಂದು ಕೋಡುಬಳೆ ಮಾತ್ರ ಮಾರುತ್ತೇವೆ.

ಉಳಿದ ದಿನ ನಮ್ಮ ತಂದೆಯ ಕಟ್ಟಳೆ ತಪ್ಪಿಲ್ಲ. ಹತ್ತಕ್ಕೆ ಸರಿಯಾಗಿ ಹೊಸ್ತಿಲಾಚೆ ನಿಂತು ಅಂಗೈ ಚಾಚುತ್ತೇನೆ. ಅವಳು ಬೇರೆ ಚಮಚದಲ್ಲಿ ಹಾಕುತ್ತಾಳೆ. ನಾನು ನಾಲಿಗೆಗಿಟ್ಟು, ಕಣ್ಣು ಮುಚ್ಚಿ, ಯಜಮಾನನ ಗತ್ತಿನಲ್ಲಿ ಹೇಳುತ್ತೇನೆ:

“ಉಪ್ಪು ಜಾಸ್ತಿ.”

“ಹಾಗಾದ್ರೆ ಸರಿಯಾಗಿದೆ,” ಎಂದು ಗೋದಮ್ಮ ಡಬ್ಬಿ ತುಂಬಲು ಶುರು ಮಾಡುತ್ತಾಳೆ.