ಇಳಿದದ್ದು ಬೇರೆ ಊರಲ್ಲಿ

ತಪ್ಪು ಪೈಲಟ್‌ನದೇ. ಮೋಡದ್ದಲ್ಲ, ಯಂತ್ರದ್ದಲ್ಲ, ದೇವರದಂತೂ ಅಲ್ಲ. ಒಂದು ಊರಿನಲ್ಲಿ ಇಳಿಸಬೇಕಾದ ವಿಮಾನವನ್ನು ಇನ್ನೊಂದು ಊರಿನಲ್ಲಿ ಇಳಿಸಿದ, ಅಷ್ಟೇ. ಆದರೂ ಅವನನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ಕಂಪನಿಯ ಹೆಸರು, ಆ ಊರುಗಳ ಹೆಸರು ಮಾತ್ರ ಕೇಳಬೇಡಿ. ಅವನಿಗೂ ಹೆಂಡತಿ ಮಕ್ಕಳಿರುತ್ತಾರೆ.

ಮುಂಬೈಯಲ್ಲಿ ನರ್ಸ್ ಆಗಿರುವ ಮೊಮ್ಮಗಳು ಹೆತ್ತಿದ್ದಳು. ಹದಿನೈದು ದಿನ ಕೂಸಿನ ಜೊತೆ ಇದ್ದು ನಾನೂ ಮಗಳು ಶಾಂತಮ್ಮನೂ ತಿರುಗಿ ಹೊರಟೆವು. ಶಾಂತಮ್ಮ ಲಿಂಗಸುಗೂರಿನಲ್ಲಿ ಟೀಚರ್. ನನ್ನದು ಸಿಂಧನೂರು. ವಿಮಾನದ ಟಿಕೆಟ್ ಮೊಮ್ಮಗಳೇ ತೆಗೆಸಿದಳು, ರೈಲಿನಲ್ಲಿ ನನ್ನ ಮೊಣಕಾಲು ಹಿಡಿಯುತ್ತವೆಂದು.

ನನಗೆ ಊರು ಮುಟ್ಟುವ ಅವಸರ ಇರಲಿಲ್ಲ. ಅಲ್ಲೊಂದು ಕೆಲಸ ಕೆಡಿಸಿ ಬಂದಿದ್ದೆ. ಭತ್ತ ನಾಟಿ ಮಾಡುವ ಹನ್ನೆರಡು ಹೆಂಗಸರಿಗೆ ನಾನೇ ಮೇಸ್ತ್ರಿ. ಮುಂಬೈಗೆ ಹೊರಡುವ ಮುಂಚಿನ ಒಂದು ನಸುಕಿನಲ್ಲಿ, ಸಾವ್ಕಾರರ ಟ್ರ್ಯಾಕ್ಟರ್ ಓಡಿಸುವ ಹುಸೇನಪ್ಪ ನಮ್ಮನ್ನು ಕಾಲುವೆ ದಂಡೆಗೆ ಇಳಿಸಿದ. ನೀರು ನಿಲ್ಲಿಸಿದ ಗದ್ದೆಗಳು ಒಂದರಂತೆ ಇನ್ನೊಂದು.

"ದೊಡ್ಡವ್ವಾ, ಸಾವ್ಕಾರ್ರ ಗದ್ದಿ ಆ ಕಡೀದು ಅಲ್ಲೇನು?" ಎಂದ.

"ನಲವತ್ತು ವರ್ಷ ಸಸಿ ಹಚ್ಚೀನಿ. ನನಗ ಹೇಳಾಕ ಬರ್ತೀಯೇನಲೇ?" ಎಂದು ಗದರಿದೆ.

ಮಧ್ಯಾಹ್ನದೊಳಗೆ ಸಾವ್ಕಾರರ ಸಸಿಯನ್ನೆಲ್ಲ ಪಕ್ಕದವನ ಗದ್ದೆಯಲ್ಲಿ ಹಚ್ಚಿ ಮುಗಿಸಿದ್ದೆವು. ಸಾವ್ಕಾರರು ಬಂದು ಕೂಗಾಡಿದಾಗ ನಾನು ಹೇಳಿದ್ದು ಇಷ್ಟೇ: "ಟ್ರ್ಯಾಕ್ಟರ್‌ನವ ಇಳಿಸಿದಲ್ಲಿ ಹಚ್ಚೀವ್ರಿ." ಅಲ್ಲೇ ಹುಸೇನಪ್ಪನ ಕೈಯಿಂದ ಕೀಲಿ ಕಸಿದುಕೊಂಡು ಕೆಲಸ ಬಿಡಿಸಿದರು. ಅವನು ಮಸ್ಕಿಯ ಮನೆಯಲ್ಲಿ ಸುಮ್ಮನೆ ಕೂತಿದ್ದಾನೆಂದು ಮುಂಬೈಗೆ ಫೋನ್ ಬಂದಿತ್ತು. ನಾನೂ ಸುಮ್ಮನಿದ್ದೆ.

ವಿಮಾನ ಸಣ್ಣದು, ರೆಕ್ಕೆಗೆ ಪಂಖ ಇದ್ದದ್ದು. ಚಹಾ ಇನ್ನೂರು ರೂಪಾಯಿ ಎಂದರು, ಬೇಡವೆಂದೆ. ಒಂದು ತಾಸಿನ ಮೇಲೆ ಮೋಡ ಸರಿದು ಕೆಳಗೆ ರನ್‌ವೇ ಕಂಡಿತು. ಚಕ್ರ ನೆಲಕ್ಕೆ ತಾಗಿದ್ದೇ ತಡ, ಎಂಥ ಬ್ರೇಕ್ ಹಾಕಿದನೆಂದರೆ ಮುಂದಿನ ಸೀಟಿಗೆ ನನ್ನ ಹಣೆ ಬಡಿಯಿತು. ನಿಂತ ಮೇಲೆ ಕಿಟಕಿಯಲ್ಲಿ ನೋಡಿದೆ. ಹತ್ತು ಹೆಜ್ಜೆ ಆಚೆ ಡಾಂಬರು ಮುಗಿದಿತ್ತು. ಅಲ್ಲಿಂದ ಹುಲ್ಲು, ಹುಲ್ಲಿನಲ್ಲಿ ಮೇಕೆಗಳು.

"ಯವ್ವಾ, ಇದು ನಮ್ಮ ಏರ್‌ಪೋರ್ಟ್ ಅಲ್ಲ," ಎಂದಳು ಶಾಂತಮ್ಮ.

"ಮತ್ತ್ಯಾರದು?"

ಅದು ವಿಮಾನ ಓಡಿಸಲು ಕಲಿಸುವ ಹಳೇ ಮೈದಾನವಂತೆ. ನಾವು ಇಳಿಯಬೇಕಾದದ್ದು ಮೂವತ್ತು ಕಿಲೋಮೀಟರ್ ಮುಂದೆ. ಎರಡೂ ರನ್‌ವೇ ಒಂದೇ ದಿಕ್ಕಿಗೆ ಮಲಗಿದ್ದವಂತೆ.

ಜನ ಎದ್ದು ಕೂಗಾಡಿದರು. ಆಗ ಪೈಲಟ್ ಬಾಗಿಲು ತೆಗೆದು ಹೊರಗೆ ಬಂದ. ಐವತ್ತರ ಮನುಷ್ಯ, ಟೋಪಿ ಕೈಯಲ್ಲಿತ್ತು. ಹಿಂದಿಯಲ್ಲಿ ಮಾತಾಡಿದ. ನಮ್ಮ ಕಡೆಯವರಿಗೆ ಅಷ್ಟು ತಿಳಿಯುತ್ತದೆ. "ತಪ್ಪು ನನ್ನದು. ಪಕ್ಕ ಕೂತ ಜೊತೆಗಾರ ಒಂದು ಸಲ ಅನುಮಾನ ಪಟ್ಟು ಕೇಳಿದ್ದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನದೇನೂ ಇಲ್ಲ," ಎಂದ.

"ನಿನ್ನ ನೌಕರಿ ಹೋಗ್ತದ ನೋಡು!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೋಗಬಹುದು," ಎಂದ.

ನನಗೆ ಹಣೆಯ ನೋವು ಮರೆತೇ ಹೋಯಿತು.

ಬಸ್ಸು ಬರುವುದಕ್ಕೆ ಮೂರು ತಾಸು ಹಿಡಿಯಿತು. ಮೈದಾನದ ಕಾವಲುಗಾರನ ಹೆಂಡತಿ ಕೊಡ ತುಂಬ ಮಜ್ಜಿಗೆ ತಂದು ಗುರುತಿಲ್ಲದ ಎಲ್ಲರಿಗೂ ಕೊಟ್ಟಳು. ನನಗೆ ಎರಡು ರೊಟ್ಟಿ, ಶೇಂಗಾ ಚಟ್ನಿ. ಆಕೆಯ ಹೊಟ್ಟೆ ತಣ್ಣಗಿರಲಿ. ಪೈಲಟ್ ಮೆಟ್ಟಿಲ ಬಳಿಯೇ ನಿಂತು ಎಲ್ಲರ ಬೈಗುಳ ಕೇಳಿಸಿಕೊಂಡ. ನನ್ನ ಹಣೆ ನೋಡಿ, "ಮಾಫ್ ಕರೋ ಮಾಜೀ," ಎಂದ. "ಜೀವಂತ ಇಳಿಸೀದಿ, ಸಾಕು ಹೋಗಪಾ," ಎಂದೆ. ಕನ್ನಡ ತಿಳಿಯಿತೋ ಇಲ್ಲವೋ, ತಲೆ ಬಾಗಿಸಿದ.

ಲಿಂಗಸುಗೂರು ಮುಟ್ಟಿದಾಗ ಕತ್ತಲಾಗಿತ್ತು. ದಾರಿಯುದ್ದಕ್ಕೂ ಹಣೆ ಸವರಿಕೊಳ್ಳುತ್ತ ಬಂದಿದ್ದೆ.

"ಅಂಜಿಕಿ ಬಂತೇನು ಯವ್ವಾ?" ಎಂದಳು ಮಗಳು.

"ಮಸ್ಕಿಗೆ ಮೊದಲನೇ ಬಸ್ಸು ಎಷ್ಟಕ್ಕ?" ಎಂದೆ.

ಮರುದಿನ ಬೆಳಿಗ್ಗೆ ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್ ಪಡೆದು ಮಸ್ಕಿಯಲ್ಲಿ ಇಳಿದೆ. ಹುಸೇನಪ್ಪ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ. ನಿಂತಲ್ಲೇ ಹೇಳಿದೆ: "ಗದ್ದಿ ತಪ್ಪಿದ್ದು ನಾನು. ನೀ ಹೇಳಿದ್ದಿ, ನಾ ಕೇಳಲಿಲ್ಲ."

ಅವನ ಹೆಂಡತಿ ಒಳಗಿಂದಲೇ, "ಆಕಾಶದಾಗ ಹಾರಾಡಿ ಬಂದ ಮ್ಯಾಲ ನೆನಪಾತೇನು ಮುದುಕಿಗೆ?" ಎಂದಳು. ಚಹಾ ಕುಡಿಯುತ್ತೀಯೇನೆಂದು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಹುಸೇನಪ್ಪ ಬಾಯಿ ಮುಕ್ಕಳಿಸಿದ. "ನನ್ನ ಮುಂದ ಹೇಳಿದರ ಏನು ಬಂತು ದೊಡ್ಡವ್ವಾ? ಅದು ನನಗ ಮೊದಲ ಗೊತ್ತೈತಿ. ಬದುವಿನ ಮ್ಯಾಲ ನಿಂತು ಎಲ್ಲಾರ ಮುಂದ ಹೇಳು."

"ಅಂಗಿ ಹಾಕ್ಕೋ, ನಡಿ," ಎಂದೆ.

ಸಿಂಧನೂರಿನಿಂದ ಆಟೋ ಹಿಡಿದು ಗದ್ದೆಗೆ ಹೋದೆವು. ಹನ್ನೆರಡೂ ಮಂದಿ ಬಗ್ಗಿ ಸಸಿ ಹಚ್ಚುತ್ತಿದ್ದರು, ಸಾವ್ಕಾರರು ಕೊಡೆ ಹಿಡಿದು ನಿಂತಿದ್ದರು. ಬದುವಿನ ಮೇಲೆ ನಿಂತು ಗಟ್ಟಿಯಾಗಿ ಹೇಳಿದೆ. ಸಾವ್ಕಾರರು ನನ್ನನ್ನು ನೋಡಿದರು, ಹುಸೇನಪ್ಪನನ್ನು ನೋಡಿದರು, ಜೇಬಿನಿಂದ ಕೀಲಿ ತೆಗೆದು ಅವನ ಕೈಗೆ ಹಾಕಿದರು. ನನಗೆ, "ನಿನ್ನ ಮೇಸ್ತ್ರಿಕಿ ಸಾಕು. ಎಲ್ಲಾರ ಜೋಡಿ ಹಚ್ಚು," ಎಂದರು.

"ಆಗಲ್ರಿ," ಎಂದು ಸೀರೆ ಎತ್ತಿ ಕಟ್ಟಿದೆ.

"ಇದ ಗದ್ದಿ ಹೌದೋ ಅಲ್ಲೋ ನೋಡ್ಕೊಂಡು ಇಳಿ ದೊಡ್ಡವ್ವಾ!" ಎಂದಳು ಕೆಸರಿನಲ್ಲಿದ್ದವಳೊಬ್ಬಳು. ಎಲ್ಲರೂ ನಕ್ಕರು. ನಾನು ಹುಸೇನಪ್ಪನ ಕಡೆ ತಿರುಗಿ, "ಹೌದೇನಪಾ?" ಎಂದು ಕೇಳಿ, ಅವನು ಹೂಂ ಅಂದ ಮೇಲೆ ಇಳಿದೆ.