ಕಬ್ಬಿನ ಹಗ್ಗ ಬಿಗಿದ ಸ್ಪ್ರಿಂಗ್

ನಿಮ್ಮ ಕಾರಿನ ಮುಂದಿನ ಸ್ಪ್ರಿಂಗ್ ಬದಲಿಸುವಾಗ ಮೇಸ್ತ್ರಿ ಅದನ್ನು ಯಾವುದರಿಂದ ಅದುಮಿ ಹಿಡಿದಿದ್ದ ಎಂದು ಎಂದಾದರೂ ವಿಚಾರಿಸಿದ್ದೀರಾ?

ತೊಂಬತ್ತರ ದಶಕದ ಆರಂಭದಲ್ಲಿ ನನ್ನ ಅಣ್ಣ ಕಾಗವಾಡದ ರಸ್ತೆಯಂಚಿಗೆ ಗ್ಯಾರೇಜು ಇಟ್ಟಿದ್ದ. ಕಬ್ಬಿನ ಹಂಗಾಮಿನಲ್ಲಿ ಹೇರು ಹೊತ್ತ ಟ್ರ್ಯಾಕ್ಟರುಗಳು ಆ ರಸ್ತೆಯನ್ನು ಅಗೆದು ಹಾಕುತ್ತಿದ್ದವು. ಸ್ಪ್ರಿಂಗು, ಅದರೊಳಗಿನ ಶಾಕ್‌ಅಬ್ಸಾರ್ಬರು ಮುರಿದ ಸಣ್ಣ ಕಾರುಗಳು ಅವನಲ್ಲಿಗೆ ಬರುತ್ತಿದ್ದವು. ಸ್ಪ್ರಿಂಗನ್ನು ಅದುಮಿ ಹಿಡಿಯದೆ ಮೇಲಿನ ನಟ್ಟು ಬಿಚ್ಚಿದರೆ ಅದು ಗುಂಡಿನಂತೆ ಸಿಡಿಯುತ್ತದೆ. ಹಿಡಿಯಲೆಂದೇ ಕೊಕ್ಕೆಗಳುಳ್ಳ ಉದ್ದ ಬೋಲ್ಟುಗಳ ಜೋಡಿಯೊಂದಿದೆ, ಕಂಪ್ರೆಸರ್ ಎನ್ನುತ್ತಾರೆ. ನಮ್ಮ ಕಡೆಯವರು ಮಾತ್ರ ಕಾರಿನ ಭಾರಕ್ಕೆ ಸ್ಪ್ರಿಂಗ್ ಕುಗ್ಗಿರುವಾಗಲೇ ಅದರ ಸುರುಳಿಗಳನ್ನು ಕಬ್ಬಿನ ಹೇರು ಕಟ್ಟುವ ಹಗ್ಗದಿಂದ ಬಿಗಿದು, ಬಳಿಕ ಜಾಕ್ ಏರಿಸುತ್ತಿದ್ದರು.

ನಾನು ಕಾಲೇಜಿನ ಚರ್ಚಾಕೂಟಗಳಲ್ಲಿ ವಾದ ಕಲಿತವನು. ತರ್ಕ ಸರಿಯಿದ್ದರೆ ಮನುಷ್ಯ ಬದಲಾಗುತ್ತಾನೆಂದು ನಂಬಿದ್ದೆ. ಕೊಲ್ಹಾಪುರದಿಂದ ಕಂಪ್ರೆಸರ್ ತಂದುಕೊಟ್ಟೂ ಆಗಿತ್ತು.

ಆ ಮಧ್ಯಾಹ್ನ ಅಣ್ಣ ಮತ್ತೆ ಹಗ್ಗ ಬಿಗಿದು, ಚಕ್ರ ಕಳಚಿ, ಸ್ಪ್ರಿಂಗ್ ಹೊರಗೆ ತೆಗೆದಿದ್ದ. ಕಾರಿನ ಮಾಲೀಕರು, ನಿಪ್ಪಾಣಿಯ ತಂಬಾಕು ವ್ಯಾಪಾರಿ, ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು.

"ಅಣ್ಣಾ, ಕಬ್ಬ ಹಗ್ಗದಾಗ ಸುಮ್ಮ ಕುಂದರತೈತಿ. ಸ್ಪ್ರಿಂಗ್ ಕುಂದರಂಗಿಲ್ಲ, ಹೊರಗ ನೂಕತೈತಿ. ಕಂಪ್ರೆಸರ್ ಹಾಕು," ಎಂದೆ.

"ಅಥಣಿಯಿಂದ ಉಗಾರ ಸಕ್ಕರಿ ಫ್ಯಾಕ್ಟರಿ ಮಟಾ ಹೇರು ಹಿಡದ ಗಂಟಿದು. ಗೇಣುದ್ದ ಸ್ಪ್ರಿಂಗಿಗೆ ಹೆದರತೈತೇನು?"

ವ್ಯಾಪಾರಿ ನಕ್ಕರು. "ಮೇಸ್ತ್ರಿ, ತಮ್ಮನ್ನ ಭಾಷಣಕ್ಕ ಕಳಸ್ರಿ, ನಿಮ್ಮ ಕೈ ನಡೀಲಿ. ಅಕ್ಕಿಕಾಳ ಬೀಳೂದ್ರೊಳಗ ಮದವೀ ಮನಿ ಮುಟ್ಟಬೇಕ್ರಿ."

ಕಂಪ್ರೆಸರನ್ನು ಎರಡೂ ಬದಿಗೆ ಸರದಿಯಂತೆ, ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು, ಹೊತ್ತು ಹಿಡಿಯುತ್ತದೆ. ನಾನು ಅಣ್ಣನ ತೋಳು ಹಿಡಿದು ಬೇಡಿಕೊಂಡೆ.

"ಗಿರಾಕಿ ಹೋದಮ್ಯಾಲ ಚರ್ಚಾ ಮಾಡೂಣು. ಸರಿ ಅತ್ಲಾಗ," ಎಂದು ಅವನು ನಟ್ಟು ಬಿಚ್ಚುವ ಪಾನಾ ಹಾಕಿದ.

ಗಂಟು ಬಿಚ್ಚಲಿಲ್ಲ. ಉಕ್ಕಿನ ಸುರುಳಿಯ ಮೇಲಿಂದ ಹಗ್ಗವೇ ಜಾರಿತು. ಸ್ಪ್ರಿಂಗಿನ ಮೇಲೆ ಕೂತಿದ್ದ ಉಕ್ಕಿನ ತಟ್ಟೆ ಸಿಡಿದು ಅಣ್ಣನ ಬಲಗಣ್ಣಿಗೆ ಬಡಿಯಿತು.

ಅಲ್ಲಿದ್ದ ಒಂದೇ ಕಾರು ಚಕ್ರವಿಲ್ಲದೆ ಕಟ್ಟಿಗೆಯ ತುಂಡುಗಳ ಮೇಲೆ ನಿಂತಿತ್ತು. ಕಬ್ಬು ಇಳಿಸಿ ಮರಳುತ್ತಿದ್ದ ಖಾಲಿ ಟ್ರೇಲರಿನಲ್ಲಿ ಅವನನ್ನು ಮಿರಜಿನ ಆಸ್ಪತ್ರೆಗೆ ಒಯ್ದೆವು. ತಗ್ಗು ಬಂದಾಗೊಮ್ಮೆ ನನ್ನ ತೊಡೆಯ ಮೇಲಿನ ಅವನ ತಲೆ ಕುಲುಕುತ್ತಿತ್ತು.

"ಕಣ್ಣ ಐತೇನೋ?" ಎಂದು ಅವನು ದಾರಿಯುದ್ದಕ್ಕೂ ಕೇಳಿದ. ಕಣ್ಣು ಉಳಿಯಲಿಲ್ಲ.

ಗಾಯ ಮಾಯ್ದ ಮೇಲೆ ಅವನು ಗ್ಯಾರೇಜು ತೆರೆದ. ಕಂಪ್ರೆಸರ್ ಕೈಗೆತ್ತಿಕೊಂಡದ್ದನ್ನು ಕಂಡು ನಾನು ನಿರಾಳನಾದೆ. ಅಷ್ಟರಲ್ಲಿ ಗಿರಾಕಿಯೊಬ್ಬರು ಅವಸರಿಸಿ, "ಲಗೂ ಆಗತೈತಿಲ್ರಿ?" ಎಂದರು. ಅಣ್ಣ ಅದನ್ನು ಕೆಳಗಿಟ್ಟು ಹಗ್ಗಕ್ಕೆ ಕೈಹಾಕಿದ.

"ಇನ್ನೊಂದ ಕಣ್ಣ ಐತಿ, ಅಣ್ಣಾ."

"ನನಗೂ ತಿಳೀತೈತಿ. ಆದ್ರ ಇವರು ನಿಂದರಂಗಿಲ್ಲೋ, ಮುಂದಿನ ಗ್ಯಾರೇಜಿಗೆ ಹೋಗತಾರ."

ಇಂದಿಗೂ ಅವನು ಅದೇ ಕೆಲಸ ಮಾಡುತ್ತಿದ್ದಾನೆ, ಉಳಿದ ಒಂದು ಕಣ್ಣಿನಿಂದ. ಹಂಗಾಮು ಬಂತೆಂದರೆ ನನಗೆ ನಿದ್ದೆ ಬರುವುದಿಲ್ಲ. ಅವನ ಕೈಯನ್ನು ತಡೆಯುವ ಶಕ್ತಿ ನನ್ನ ವಾದಕ್ಕಿಲ್ಲ. ಕುರ್ಚಿಯಲ್ಲಿ ಕುಳಿತ ಗಿರಾಕಿಯ ಒಂದು ಮಾತಿಗಿದೆ. ಆದ್ದರಿಂದ ನಿಮ್ಮನ್ನೇ ಕೇಳಿಕೊಳ್ಳುತ್ತೇನೆ: ಯಾವ ಊರಿನ ಗ್ಯಾರೇಜಿನಲ್ಲೇ ಆಗಲಿ, ಸ್ಪ್ರಿಂಗಿಗೆ ಕಂಪ್ರೆಸರ್ ಹಾಕಿದ್ದನ್ನು ನೋಡುವ ತನಕ ನಟ್ಟು ಬಿಚ್ಚಗೊಡಬೇಡಿ. ತಡವಾದರೂ ಕಾಯುತ್ತೇನೆಂದು ಮೇಸ್ತ್ರಿಗೆ ಬಾಯಿಬಿಟ್ಟು ಹೇಳಿ.