ಪಿಯೋನಿ ಗೆಡ್ಡೆಗೆ ಐಸು

ಕುಂಬಾರಕೊಪ್ಪಲಿನ ನಮ್ಮ ಪಕ್ಕದ ಹಿತ್ತಲಲ್ಲಿ ಮುದುಕ ಮಾಲಿ ನಿಂಗಣ್ಣನವರು ಹೂಕುಂಡಕ್ಕೆ ಐಸಿನ ಚೂರು ಸುರಿಯುತ್ತಿದ್ದರು. ಅವರು ಕೆಲಸಕ್ಕಿದ್ದ ಬಂಗಲೆಯ ದೊರೆಸಾನಿ ಇಂಗ್ಲೆಂಡಿಗೆ ಹೊರಟಾಗ ಕೊಟ್ಟ, ಪಿಯೋನಿ ಎಂಬ ಚಳಿದೇಶದ ಹೂವಿನ ಗೆಡ್ಡೆ ಅದರಲ್ಲಿತ್ತು. ನಿಮ್ಮ ಮೈಸೂರಿನಲ್ಲಿ ಇದು ಹೂ ಬಿಡದು ಎಂದಿದ್ದಳಂತೆ. ಆ ಮಾತು ಸುಳ್ಳು ಮಾಡಲು ಅವರು ನಾಲ್ಕು ವರ್ಷದಿಂದ ಹೆಣಗುತ್ತಿದ್ದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನಾನು, ಹಿಮ ಬೀಳದ ಊರಿನಲ್ಲಿ ಅದು ಅರಳದೆಂದು ಮೂರು ಕಾರಣ ಕೊಟ್ಟು ಸಾಧಿಸಿದೆ. ಅವರು ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡರು.

"ನೀನೇ ಗೆದ್ದೆ ಬುಡಪ್ಪ. ಆದ್ರೆ ನಿನ್ ವಾದ ಗೆಡ್ಡೆಗೆ ತಿಳಿಯಾಕಿಲ್ವಲ್ಲ. ಅದುಕ್ಕೆ ಚಳಿ ಒಂದೇ ತಿಳಿಯೋದು."

ಫಾಲ್ಗುಣದಲ್ಲಿ ಒಂದೇ ಒಂದು ಮೊಗ್ಗು ಬಂದು, ಅರಳದೆ ಕಮರಿಹೋಯಿತು.

ನನ್ನ ವಾದ ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಆದರೆ ಈ ಮಾರ್ಗಶಿರದಿಂದ ದಿನಾ ಬೆಳಿಗ್ಗೆ ಸೋಡಾ ಅಂಗಡಿಯಿಂದ ಅವರ ಕುಂಡಕ್ಕೆ ಐಸಿನ ಗೋಣಿ ಹೊತ್ತು ತರುತ್ತಿರುವವನು ನಾನೇ.